ಪೂಜ್ಯ

ಭೋಸರಿಯ ಎಂಐಡಿಸಿ, ಜೆ ಬ್ಲಾಕು, ಮೊದಲ ಮಹಡಿ.
ಉಕ್ಕಿನ ಅಳತೆಗೆ ಸಾಕ್ಷಿಪತ್ರ ಬರೆದುಕೊಡುವ ಕೋಣೆ.
ಹೊರಗೆ ಪುಣೆಯ ಮೇ ತಿಂಗಳು, ಒಳಗೆ ವರ್ಷವಿಡೀ
ಇಪ್ಪತ್ತೇ ಡಿಗ್ರಿ.
ಗುರುವಾರ ಕರೆಂಟು ಹೋಗಿ ಎಸಿ ನಿಂತರೆ
ಅಳತೆಯೂ ನಿಂತಿತು.

ಕುಂದಾ ಗವಾಣೆ ಹತ್ತಿಯ ಕೈಗವಸು ತೊಟ್ಟು
ಪಿನ್ನೊಂದನ್ನು ಕಲ್ಲಿನ ಮೇಜಿಗಿಟ್ಟು
ಸುಮ್ಮನೆ ಕೂರುತ್ತಾಳೆ.
ಮುಟ್ಟಿದ ಬಿಸಿ ಇಳಿಯಬೇಕಂತೆ,
ಉಕ್ಕಿಗೂ ದಣಿವಾರಲು ನಲವತ್ತು ನಿಮಿಷ.
ಆಮೇಲೆ ಮೂರು ಸಲ ಅಳೆದು
ವಹಿಯಲ್ಲಿ ಬರೆಯುತ್ತಾಳೆ:
೧೨.೫೦೦

ಆ ವಹಿಯನ್ನು ಕಂಪ್ಯೂಟರಿಗೆ ಏರಿಸಲು
ಕರೆಸಿದ್ದು ನನ್ನನ್ನು.
ಮೊದಲ ದಿನ ಪ್ರಿಂಟರು ಉಗುಳಿದ ಸರಾಸರಿ
೧೨.೪೯೯೯೯೯೯೯೯೯೯೯೯೯೮
ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸಿದಳು.
"ಇಷ್ಟು ಅಳೆದವರು ಯಾರಪ್ಪ? ನಾನಂತೂ ಅಲ್ಲ.
ನಾನು ಕಂಡದ್ದು ಚುಕ್ಕೆಯಾಚೆ ಮೂರನೇ ಮನೆಯತನಕ.
ಮುಂದಿನದು ನಿನ್ನ ಯಂತ್ರದ ಬಾಯಿಬಡುಕತನ."

ನಾಚಿ, ಬಾಯಿ ಕಟ್ಟಿದೆ:
ಪರ್ಸೆಂಟು, ಚುಕ್ಕೆ, ಐದು, ಜಿ.
ಐದೇ ಸಾರ್ಥಕ ಅಂಕಿ, ಹೆಚ್ಚು ಬೇಡ.
ಈ ಜಿ ಎಂಬುದು ಜಿಪುಣ ಗುಮಾಸ್ತ,
ಬಾಲದ ಸೊನ್ನೆ ಕಂಡರೆ ಕತ್ತರಿ ತೆಗೆಯುತ್ತದೆ.
೧೨.೫

ಮರುದಿನ ಹಾಳೆ ಹಿಡಿದು ಎದುರಿಗೇ ನಿಂತಳು.
"ನನ್ನ ಎರಡು ಪೂಜ್ಯ ಎಲ್ಲಿ?"

ಆಕೆಯ ಮರಾಠಿಗೂ ನಮ್ಮ ಜತ್ತದ ಕನ್ನಡಕ್ಕೂ
ಸೊನ್ನೆ ಪೂಜ್ಯವೇ.
ಕೈಮುಗಿಯುವವರಿಲ್ಲ, ಅಷ್ಟೇ.

"ಬೆಲೆ ಒಂದೇ ಅಲ್ಲವಾ, ಕುಂದಾತಾಯಿ?"
"ಬೆಲೆ ಒಂದೇ. ಹನ್ನೆರಡೂವರೆ ಅಂತ
ನನ್ನ ಮೊಮ್ಮಗನ ಶಾಲೆಪಟ್ಟಿಯೂ ಹೇಳುತ್ತದೆ.
ಆ ಎರಡು ಮನೆಗೆ ನಾನು ಹೋಗಿ ನೋಡಿ ಬಂದಿದ್ದೇನೆ.
ಏನೂ ಇರಲಿಲ್ಲ.
ಇಲ್ಲ ಅಂತ ನೋಡಿ ಬರುವುದು ಬೇರೆ,
ನೋಡದೇ ಇರುವುದು ಬೇರೆ."

ಒಂದನೇ ಇಯತ್ತೆಯ ಬಿರಾದಾರ ಬಾಯಿ ನೆನಪಾದರು.
ಅಕ್ಷರದ ಪಕ್ಕದ ಸೊನ್ನೆ ಮರೆತೆಯೋ,
ಕಂದ ಕದವಾಗುತ್ತದೆ, ಬಂಡಿ ಬಡಿಯಾಗುತ್ತದೆ ಎಂದು
ಪಾಟಿ ತಿದ್ದಿ, ಬಡಿದೂ ತೋರಿಸಿದ್ದರು.
ಕುಂದಾ, ನಿನ್ನ ಹೆಸರಿನಲ್ಲೂ ಒಂದು ಸೊನ್ನೆಯಿದೆ,
ತೆಗೆದರೆ ಕರೆಯಲು ಬರುವುದಿಲ್ಲ.
(ಇದನ್ನು ಆಕೆಗೆ ಹೇಳಲಿಲ್ಲ. ನಮ್ಮ ಲಿಪಿ ಆಕೆಗೆ ಬಾರದು.)

ಸಂಜೆತನಕ ಕೈಪಿಡಿ ತಿರುವಿ ಸಿಕ್ಕಿದ್ದು ಇಷ್ಟು:
ಪರ್ಸೆಂಟಿನ ಬೆನ್ನಿಗೇ ಒಂದು ಹ್ಯಾಶ್ ಇಡಬೇಕು.
ಎರಡು ಅಡ್ಡ ಗೀಟು, ಎರಡು ಉದ್ದ,
ಮಕ್ಕಳು ಆಚೆ ಬೀಳದಿರಲೆಂದು
ಚಾಳಿನ ಕಿಟಕಿಗೆ ಬಡಿದ ಸರಳಿನ ಹಾಗೆ.
೧೨.೫೦೦
ಇಬ್ಬರೂ ಒಳಗೇ ಉಳಿದರು.

ಕೆಳಗಿನ ಸಾಲು ಅನುಮಾನದ ಲೆಕ್ಕ: ೦.೦೦೧೦
ಮುಂದಿನ ಸೊನ್ನೆಗಳು ಬರೀ ಜಾಗ ಹಿಡಿದವು,
ಪಿಎಂಪಿ ಬಸ್ಸಿನ ಕಿಟಕಿಯಿಂದ ಸೀಟಿಗೆಸೆದ ಕರವಸ್ತ್ರ.
ಕೊನೆಯದು ಹತ್ತಿ ಬಂದು ಕೂತ ಮನುಷ್ಯ.
ನೋಡಲು ಎಲ್ಲಾ ಒಂದೇ ದುಂಡು.

ತಿಂಗಳ ಕೊನೆಗೆ ಪಗಾರದ ಚೀಟಿಯನ್ನೂ
ನನ್ನಿಂದಲೇ ಅಚ್ಚು ಹಾಕಿಸಿದರು.
ಗವಾಣೆ ಕೆ. ಎಸ್., ಓವರ್‌ಟೈಮು ಸೇರಿ ೧೮,೪೬೩.
"ಚಿಲ್ಲರೆ ಯಾಕೆ, ದುಂಡಗೆ ಮಾಡು," ಅಂದರು ಶೇಠ್.
ಮಾಡಿದೆ.
ಒಂದೇ ಸಾಲಿನ ಕೆಲಸ, ಹ್ಯಾಶ್ ಕೂಡ ಬೇಡ.

ಕನ್ನಡಕ ಏರಿಸಿ, ಬೆರಳಿಟ್ಟು ನೋಡಿದಳು
೧೮,೪೦೦
"ಈ ಎರಡನ್ನು ಯಾರೂ ಅಳೆದಿಲ್ಲ," ಅಂದಳು,
ಬೈಗುಳದ ದನಿಯಲ್ಲಲ್ಲ,
ಗೇಜು ಸವೆದಿದೆ ಎಂದು ಹೇಳುವ ದನಿಯಲ್ಲಿ.
ಚೀಟಿ ಮಡಚಿ ಡಬ್ಬಿಯ ಚೀಲಕ್ಕೆ ಸೇರಿಸಿ
ಕೈಗವಸು ತೊಟ್ಟು ಹೋಗಿ ಕೂತಳು.

ಕಲ್ಲಿನ ಮೇಲೆ ಹೊಸ ಪಿನ್ನು ತಣಿಯುತ್ತಿತ್ತು.
ಇನ್ನೂ ಇಪ್ಪತ್ತೆರಡು ನಿಮಿಷ.